ನಾಲ್ಕು ಸಲ ‘ಬೇಡ’ ಎನಿಸಿಕೊಂಡು ಎದ್ದ ಬೇಸ್‌ಬಾಲ್ ಸ್ಟೇಡಿಯಂ

ಅಮೆರಿಕದಲ್ಲಿ ಹೊಸ ಸ್ಟೇಡಿಯಂ ಮಾತು ಬಂದರೆ ಸಾಕು, ದುಡ್ಡು ಯಾರು ಹಾಕಬೇಕು ಎಂಬ ಜಗಳ ಶುರುವಾಗುತ್ತದೆ. ತಂಡದ ಮಾಲೀಕರು ಭಾರಿ ಶ್ರೀಮಂತರು. ಆದರೂ ಊರಿನವರ ಮುಂದೆ ಬಂದು ತೆರಿಗೆ ದುಡ್ಡಲ್ಲಿ ಒಂದು ಪಾಲು ಕೊಡಿ ಎನ್ನುತ್ತಾರೆ. ಕೊಡದಿದ್ದರೆ ತಂಡವನ್ನೇ ಬೇರೆ ಊರಿಗೆ ಒಯ್ಯುತ್ತೇವೆ ಎಂದು ಹೆದರಿಸುತ್ತಾರೆ. 2023ರಲ್ಲಿ ನೆವಾಡ ರಾಜ್ಯ 38 ಕೋಟಿ ಡಾಲರ್‌ವರೆಗೆ ಕೊಡಲು ಒಪ್ಪಿತು. ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನ ಬೇಸ್‌ಬಾಲ್ ತಂಡ ಲಾಸ್ ವೇಗಸ್‌ಗೆ ಹೊರಟು ನಿಂತಿತು. ಮರುವರ್ಷ ಏಪ್ರಿಲ್‌ನಲ್ಲಿ ಕಾನ್ಸಾಸ್ ಸಿಟಿ ಇರುವ ಜಾಕ್ಸನ್ ಕೌಂಟಿಯ ಮತದಾರರು ಇಂಥದ್ದೇ ತೆರಿಗೆಯನ್ನು ತಳ್ಳಿಹಾಕಿದರು.

ಈ ಜಗಳದಲ್ಲಿ ಉದಾಹರಣೆಗೆಂದು ಪದೇ ಪದೇ ಎಳೆದು ತರುವ ಹೆಸರು ಸ್ಯಾನ್ ಫ್ರಾನ್ಸಿಸ್ಕೋದ ಒರಾಕಲ್ ಪಾರ್ಕ್. ಜೈಂಟ್ಸ್ ತಂಡದ ಮನೆ ಅದು. ಸನಿವೇಲ್, ಮೌಂಟನ್ ವ್ಯೂ ಕಡೆ ಇರುವ ಕನ್ನಡಿಗರಿಗೆ ಗೊತ್ತಿರುವ ಜಾಗವೇ. ಕ್ಯಾಲ್‌ಟ್ರೇನ್ ಹತ್ತಿ ಕೊನೆಯ ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು. 2000ದಲ್ಲಿ ತೆರೆದಾಗ ಅದರ ಖರ್ಚು ಸುಮಾರು 35.7 ಕೋಟಿ ಡಾಲರ್. 1962ರ ಡಾಡ್ಜರ್ ಸ್ಟೇಡಿಯಂ ನಂತರ ಖಾಸಗಿ ದುಡ್ಡಲ್ಲಿ ಕಟ್ಟಿದ ಮೊದಲ ಮೇಜರ್ ಲೀಗ್ (ಅಮೆರಿಕದ ದೊಡ್ಡ ಬೇಸ್‌ಬಾಲ್ ಲೀಗ್) ಮೈದಾನ ಎಂಬ ಹೆಸರೂ ಅದಕ್ಕಿದೆ. ‘ನೋಡಿ, ಅವರು ಸ್ವಂತ ದುಡ್ಡಲ್ಲಿ ಕಟ್ಟಲಿಲ್ವಾ?’ ಎಂದು ಜನ ಕೇಳುವುದು ಇದನ್ನು ತೋರಿಸಿಯೇ.

ಮಾತು ಬಹುಪಾಲು ನಿಜ. ಆದರೆ ಮಾಲೀಕರ ದೊಡ್ಡ ಮನಸ್ಸಿನಿಂದ ಹಾಗಾದದ್ದಲ್ಲ. ಊರಿನವರು ಮತ್ತೆ ಮತ್ತೆ ಆಗಲ್ಲ ಎಂದದ್ದರಿಂದ ಆಯಿತು. ಇಷ್ಟೇ ಅಲ್ಲ, ಈ ಮೈದಾನದಲ್ಲಿ ಜನ ಇಷ್ಟಪಡುವ ಹೆಚ್ಚಿನ ಸಂಗತಿಗಳು ಯಾವುದೋ ಒಂದು ತಡೆಯಿಂದಲೇ ಹುಟ್ಟಿವೆ. ಜಾಗ ಇಲ್ಲ, ದುಡ್ಡು ಇಲ್ಲ, ದಡ ಮುಚ್ಚುವಂತಿಲ್ಲ, ಗಾಳಿ ಬಿಡುವುದಿಲ್ಲ. ಹೀಗೆ.

ಗಾಳಿಯಿಂದ ಶುರು

ಜೈಂಟ್ಸ್ ಮೂಲತಃ ನ್ಯೂಯಾರ್ಕ್ ತಂಡ. 1958ರಲ್ಲಿ ಪಶ್ಚಿಮಕ್ಕೆ ಬಂತು. ಊರು ಬಿಟ್ಟು ಹೋಗುತ್ತೇವೆ ಎಂದು ಮುಂದೆ ಸ್ಯಾನ್ ಫ್ರಾನ್ಸಿಸ್ಕೋವನ್ನು ಹೆದರಿಸಿದ ತಂಡ ಅಲ್ಲಿಗೆ ಬಂದದ್ದೇ ಇನ್ನೊಂದು ಊರು ಬಿಟ್ಟು. 1960ರಲ್ಲಿ ಅದಕ್ಕೆ ಸಿಕ್ಕಿದ್ದು ಕ್ಯಾಂಡಲ್‌ಸ್ಟಿಕ್ ಪಾರ್ಕ್. ನಗರದ ದಕ್ಷಿಣ ತುದಿಯಲ್ಲಿ, ಕೊಲ್ಲಿಗೆ ಚಾಚಿಕೊಂಡ ನೆಲದ ಮೇಲೆ ಕಟ್ಟಿದ್ದರು. ಮಧ್ಯಾಹ್ನ ಕಳೆದರೆ ಸಾಕು, ಬಿರುಗಾಳಿ. ರಾತ್ರಿ ಪಂದ್ಯಕ್ಕೆ ಜುಲೈನಲ್ಲೂ ಕಂಬಳಿ ಹೊದ್ದು ಕೂರಬೇಕಿತ್ತು.

1961ರಲ್ಲಿ ಲೀಗಿನ ಆಯ್ದ ಆಟಗಾರರು ಆಡುವ ಆಲ್‌ಸ್ಟಾರ್ ಪಂದ್ಯದಲ್ಲಿ ಸ್ಟೂ ಮಿಲ್ಲರ್ ಎಂಬ ಪಿಚರ್ ಚೆಂಡು ಎಸೆಯಲು ಸಿದ್ಧನಾಗಿ ನಿಂತಿದ್ದ. ಗಾಳಿ ಬಂದು ಅವನನ್ನು ಅಲುಗಾಡಿಸಿತು. ಪಿಚರ್ ನಿಯಮ ತಪ್ಪಿದ್ದಾನೆ ಎಂದು ಅಂಪೈರ್ ಹೇಳಿಬಿಟ್ಟ. ಗಾಳಿಗೆ ಪಿಚರ್ ಹಾರಿಹೋದ ಎಂದು ಕಥೆ ಆಮೇಲೆ ಬೆಳೆಯಿತು. ನಿಜಕ್ಕೂ ಅವನು ಸ್ವಲ್ಪ ಓಲಾಡಿದ್ದ, ಅಷ್ಟೇ. ಮುಂದೆ ತಂಡದವರೇ ಇದನ್ನು ತಮಾಷೆ ಮಾಡಿಕೊಂಡರು. ರಾತ್ರಿ ಪಂದ್ಯ ಹೆಚ್ಚುವರಿ ಇನಿಂಗ್ಸ್‌ಗೆ ಹೋದಾಗ ಕೊನೆಯವರೆಗೂ ಕೂತವರಿಗೆ ಒಂದು ಬಿಲ್ಲೆ ಕೊಡುತ್ತಿದ್ದರು, ಯುದ್ಧದಲ್ಲಿ ಪದಕ ಕೊಟ್ಟ ಹಾಗೆ.

ತಂಡದ ಮಾಲೀಕ ಬಾಬ್ ಲೂರಿಗೆ ಇದು ಸಾಕಾಗಿತ್ತು. ಹೊಸ ಮೈದಾನ ಬೇಕು, ಸಾರ್ವಜನಿಕ ದುಡ್ಡು ಬೇಕು ಎಂದು ಮತದಾರರ ಮುಂದೆ ಹೋದರು. 1987ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಬೇಡ ಎಂದಿತು. 1989ರ ಅಕ್ಟೋಬರ್ 17ರಂದು ಕ್ಯಾಂಡಲ್‌ಸ್ಟಿಕ್‌ನಲ್ಲಿ ವರ್ಲ್ಡ್ ಸೀರೀಸ್ (ಲೀಗಿನ ಫೈನಲ್ ಸರಣಿ) ಪಂದ್ಯ ಶುರುವಾಗುವ ಹೊತ್ತಿಗೆ ಲೋಮಾ ಪ್ರಿಯೆಟಾ ಭೂಕಂಪ ಆಯಿತು. ಜನ ತುಂಬಿದ್ದ ಹಳೆಯ ಸ್ಟೇಡಿಯಂ ಬೀಳದೆ ನಿಂತಿತು. ಮೂರು ವಾರ ಕಳೆದು ಮತ್ತೆ ಮತದಾನ. ಊರಿನಲ್ಲಿ ಮನೆ, ರಸ್ತೆ ಕುಸಿದು ಬಿದ್ದಿರುವಾಗ ಆಟದ ಮೈದಾನಕ್ಕೆ ದುಡ್ಡು ಕೊಡುವ ಮನಸ್ಸು ಯಾರಿಗೆ ಇರುತ್ತದೆ? ಪ್ರಸ್ತಾವ ಕೂದಲೆಳೆಯಲ್ಲಿ ಸೋತಿತು. 1990ರಲ್ಲಿ ಸಾಂಟಾ ಕ್ಲಾರಾ, 1992ರಲ್ಲಿ ಸ್ಯಾನ್ ಹೋಸೆ. ಅಲ್ಲಿನವರೂ ಆಗಲ್ಲ ಎಂದರು.

ಲೂರಿ ಕೈಚೆಲ್ಲಿದರು. 1992ರ ಆಗಸ್ಟ್‌ನಲ್ಲಿ ಫ್ಲಾರಿಡಾದ ಒಂದು ಗುಂಪಿಗೆ 11.5 ಕೋಟಿ ಡಾಲರ್‌ಗೆ ತಂಡವನ್ನು ಮಾರಲು ಒಪ್ಪಿದರು. ಲೀಗಿನ ಉಳಿದ ಮಾಲೀಕರು ಅದಕ್ಕೆ ತಡೆ ಹಾಕಿದರು. ಆಗ ಸೇಫ್‌ವೇ ಕಂಪನಿಯ ಮುಖ್ಯಸ್ಥ ಪೀಟರ್ ಮ್ಯಾಗೋವನ್ ಸ್ಥಳೀಯ ಹಣವಂತರನ್ನು ಸೇರಿಸಿ 10 ಕೋಟಿ ಡಾಲರ್‌ಗೆ ತಂಡ ಕೊಂಡರು. ಅದೇ ಡಿಸೆಂಬರ್‌ನಲ್ಲಿ ಬ್ಯಾರಿ ಬಾಂಡ್ಸ್ ಎಂಬ ದೊಡ್ಡ ಹೊಡೆತಗಾರನನ್ನು ತಂಡಕ್ಕೆ ತಂದರು. ಈ ಎರಡನೆಯ ಕೆಲಸ ಸ್ಟೇಡಿಯಂ ಕಥೆಗೂ ಬೇಕು. ಬಾಂಡ್ಸ್ ಇಲ್ಲದಿದ್ದರೆ ಮುಂದೆ ಅಷ್ಟು ಸೀಟು ಮಾರುವುದು ಕಷ್ಟವಿತ್ತು.

ದುಡ್ಡು ಎಲ್ಲಿಂದ ಬಂತು

ಮ್ಯಾಗೋವನ್ ಗುಂಪಿಗೆ ಒಂದು ಸಂಗತಿ ಅರ್ಥವಾಗಿತ್ತು. ತೆರಿಗೆ ದುಡ್ಡು ಕೇಳಿದರೆ ಐದನೆಯ ಸೋಲು ಗ್ಯಾರಂಟಿ. ಹಾಗಾಗಿ 1996ರ ಮಾರ್ಚ್‌ನಲ್ಲಿ ಮತದಾರರ ಮುಂದೆ ಹೋದಾಗ ದುಡ್ಡು ಕೇಳಲಿಲ್ಲ. ಚೈನಾ ಬೇಸಿನ್ ಎಂಬ ದಡದ ಜಾಗದಲ್ಲಿ ಕಟ್ಟಡದ ಎತ್ತರಕ್ಕಿದ್ದ ಮಿತಿಯನ್ನು ಸಡಿಲಿಸಿ ಎಂದಷ್ಟೇ ಕೇಳಿದರು. ಮೂರರಲ್ಲಿ ಎರಡು ಪಾಲು ಜನ ಒಪ್ಪಿದರು. ಊರಿನವರಿಗೆ ಬೇಸ್‌ಬಾಲ್ ಮೇಲೆ ಕೋಪ ಇರಲಿಲ್ಲ. ಬಿಲ್ ತಮ್ಮ ಮೇಲೆ ಬೀಳಬಾರದು, ಅಷ್ಟೇ.

ಲೆಕ್ಕ ಹೀಗಿತ್ತು. ಬ್ಯಾಂಕಿನಿಂದ 17 ಕೋಟಿ ಡಾಲರ್ ಸಾಲ. ಅದರ ಕಂತು ವರ್ಷಕ್ಕೆ ಸುಮಾರು 2 ಕೋಟಿ. ಮೈದಾನಕ್ಕೆ ಹೆಸರಿಡುವ ಹಕ್ಕನ್ನು ಪೆಸಿಫಿಕ್ ಬೆಲ್ ಎಂಬ ಫೋನ್ ಕಂಪನಿ 24 ವರ್ಷಕ್ಕೆ 5 ಕೋಟಿಗೆ ಕೊಂಡಿತು. ಜಾಹೀರಾತು, ತಿಂಡಿ ಪಾನೀಯ ಮಾರುವ ಗುತ್ತಿಗೆಯಿಂದ ಇನ್ನಷ್ಟು. ಅದರ ಮೇಲೆ ‘ಚಾರ್ಟರ್ ಸೀಟು’. ಒಳ್ಳೆಯ ಜಾಗದ ಸುಮಾರು 15,000 ಸೀಟುಗಳ ಹಕ್ಕನ್ನೇ ಮೊದಲು ಮಾರಿದರು. ಇದು ಟಿಕೆಟ್ ಅಲ್ಲ. ಆ ಸೀಟಿಗೆ ವರ್ಷ ವರ್ಷ ಟಿಕೆಟ್ ಕೊಳ್ಳುವ ಹಕ್ಕು! ಟಿಕೆಟ್ಟಿಗೆ ಮತ್ತೆ ಬೇರೆ ದುಡ್ಡು. ಕೇಳಿದರೆ ಹಗಲು ದರೋಡೆ ಅನಿಸುತ್ತದೆ. ಆದರೆ ಡಾಟ್‌ಕಾಮ್ ಹುಚ್ಚು ಏರುತ್ತಿದ್ದ ದಿನಗಳು ಅವು. ಪಕ್ಕದಲ್ಲೇ ಸಿಲಿಕಾನ್ ವ್ಯಾಲಿ. ಸೀಟುಗಳು ಖರ್ಚಾದವು.

ಐಪಿಎಲ್ ನೋಡುವ ನಮಗೆ ಇಲ್ಲೊಂದು ವ್ಯತ್ಯಾಸ ತಿಳಿದಿರಬೇಕು. ಆರ್‌ಸಿಬಿಗೆ ಸ್ವಂತ ಮೈದಾನ ಇಲ್ಲ. ಚಿನ್ನಸ್ವಾಮಿ ಇರುವುದು ಕೆಎಸ್‌ಸಿಎ ಕೈಯಲ್ಲಿ. ಒಂದು ಸೀಸನ್ನಿಗೆ ತವರಿನಲ್ಲಿ ಲೀಗ್ ಪಂದ್ಯ ಏಳು. ಬೇಸ್‌ಬಾಲ್ ತಂಡ ಒಂದು ಸೀಸನ್ನಿನಲ್ಲಿ 162 ಪಂದ್ಯ ಆಡುತ್ತದೆ. ಅದರಲ್ಲಿ 81 ತವರಿನಲ್ಲಿ. ಸುಮಾರು 41,000 ಸೀಟಿನ ಮೈದಾನವನ್ನು 81 ಸಲ ತುಂಬಿಸಬಹುದಾದರೆ ಸಾಲದ ಕಂತು ಕಟ್ಟುವುದು ಅಸಾಧ್ಯವೇನಲ್ಲ. ಜೈಂಟ್ಸ್ ನಿಜಕ್ಕೂ ತುಂಬಿಸಿತು. 2010ರ ಅಕ್ಟೋಬರ್‌ನಿಂದ 2017ರ ಜುಲೈವರೆಗೆ ಸತತ 530 ಪಂದ್ಯಗಳ ಟಿಕೆಟ್ ಪೂರ್ತಿ ಮಾರಾಟವಾಯಿತು. ಆ ಅವಧಿಯಲ್ಲೇ 2010, 2012, 2014ರ ವರ್ಲ್ಡ್ ಸೀರೀಸ್ ಗೆದ್ದರು ಎಂಬುದನ್ನೂ ಸೇರಿಸಬೇಕು. ಸೋಲುವ ತಂಡಕ್ಕೆ, ಬಡ ಊರಿಗೆ ಈ ಲೆಕ್ಕ ಹೊಂದುವುದಿಲ್ಲ.

ಇಕ್ಕಟ್ಟು ಕೊಟ್ಟ ಆಕಾರ

ಈಗ ಮೈದಾನಕ್ಕೆ ಬರೋಣ. 60, 70ರ ದಶಕದಲ್ಲಿ ಅಮೆರಿಕದ ಊರೂರಲ್ಲಿ ದುಂಡಗಿನ ಕಾಂಕ್ರೀಟ್ ಸ್ಟೇಡಿಯಂಗಳು ಎದ್ದವು. ಬೇಸ್‌ಬಾಲ್, ಫುಟ್‌ಬಾಲ್ ಎರಡಕ್ಕೂ ಒಂದೇ ಮೈದಾನ. ಎರಡಕ್ಕೂ ಸರಿಹೋಗುತ್ತಿರಲಿಲ್ಲ. 1992ರಲ್ಲಿ ಬಾಲ್ಟಿಮೋರ್‌ನ ಕ್ಯಾಮ್ಡೆನ್ ಯಾರ್ಡ್ಸ್ ಈ ದಾರಿ ಬದಲಿಸಿತು. ಇಟ್ಟಿಗೆ, ಉಕ್ಕು, ಊರಿನ ನಡುವಿನ ಜಾಗ, ಬೇಸ್‌ಬಾಲ್‌ಗೆ ಮಾತ್ರ ಮೀಸಲು. ಅದನ್ನು ಮಾಡಿದ ಎಚ್‌ಒಕೆ ಸ್ಪೋರ್ಟ್ ಸಂಸ್ಥೆಗೇ ಸ್ಯಾನ್ ಫ್ರಾನ್ಸಿಸ್ಕೋದ ಕೆಲಸವೂ ಸಿಕ್ಕಿತು. ಆ ಸಂಸ್ಥೆಯ ಈಗಿನ ಹೆಸರು ಪಾಪ್ಯುಲಸ್.

ಹಳೆಯ ಕಾಲದ ಇಟ್ಟಿಗೆ ನೋಟವನ್ನು ಯಾರು ಬೇಕಾದರೂ ಮಾಡಬಹುದು. ಆಮೇಲೆ ಎಲ್ಲರೂ ಮಾಡಿದರು, ಹಲವು ಕಡೆ ಸುಮ್ನೆ ವೇಷ ಹಾಕಿದಂತೆ ಕಾಣುತ್ತದೆ. ಇಲ್ಲಿ ಹಾಗಾಗಲಿಲ್ಲ. ಕಾರಣ, ಜಾಗ ಬರೀ 13 ಎಕರೆ. ಒಂದು ಕಡೆ ಕಿಂಗ್ ಸ್ಟ್ರೀಟ್, ಇನ್ನೊಂದು ಕಡೆ ಥರ್ಡ್ ಸ್ಟ್ರೀಟ್, ಉಳಿದ ಕಡೆ ನೀರು. ಬಲಗಡೆ ಗೆರೆ, ಬ್ಯಾಟರ್ ನಿಂತು ಹೊಡೆಯುವ ಹೋಮ್ ಪ್ಲೇಟಿನಿಂದ 309 ಅಡಿಗೇ ಮುಗಿದುಹೋಗುತ್ತದೆ. ಎಡಗಡೆ 339 ಅಡಿ ಇದೆ. ಹೊಸ ಮೈದಾನಗಳಲ್ಲಿ ಬದಿಯ ಗೆರೆ ಕನಿಷ್ಠ 325 ಅಡಿ ಇರಬೇಕು ಎಂದು 1958ರಿಂದ ನಿಯಮವಿದೆ. ಲೀಗ್ ಇಲ್ಲಿಗೆ ವಿನಾಯಿತಿ ಕೊಟ್ಟಿತು. ಗಿಡ್ಡ ಗೆರೆಗೆ ಬದಲಾಗಿ ಎತ್ತರದ ಗೋಡೆ ಎದ್ದಿತು, 24 ಅಡಿ. ಜೈಂಟ್ಸ್‌ನ ದೊಡ್ಡ ಆಟಗಾರ ವಿಲ್ಲೀ ಮೇಸ್ ಅವರ ಅಂಗಿಯ ನಂಬರ್ ಅದು. ಮುಂಬಾಗಿಲಲ್ಲಿ ಅವರ ಕಂಚಿನ ಪ್ರತಿಮೆ ಇದೆ, ಸುತ್ತ 24 ತಾಳೆ ಮರಗಳೂ ಇವೆ.

ಆ ಗೋಡೆ ಬಲ ಮೂಲೆಯಿಂದ ಮಧ್ಯದ ಕಡೆಗೆ ಓರೆಯಾಗಿ ದೂರ ದೂರ ಸಾಗುತ್ತದೆ. ಒಂದು ಕಡೆ 421 ಅಡಿ ಮುಟ್ಟುತ್ತಿತ್ತು. ಮೀಟರ್ ಲೆಕ್ಕದಲ್ಲಿ 128. ಕ್ರಿಕೆಟ್‌ನಲ್ಲಿ ಸಿಕ್ಸರ್ 100 ಮೀಟರ್ ದಾಟಿದರೆ ನಾವು ಬಾಯಿ ಬಿಟ್ಟು ನೋಡುತ್ತೇವೆ, ಅಲ್ವಾ? ಇಲ್ಲಿ ಆ ಹೊಡೆತ ಇನ್ನೂ ಮೈದಾನದೊಳಗೇ ಇರುತ್ತಿತ್ತು. ಚೆಂಡು ಆ ಮೂಲೆಗೆ ಹೋದರೆ ಬ್ಯಾಟರ್ ಮೂರನೇ ಬೇಸ್‌ವರೆಗೂ ಓಡಬಹುದು. ಅದಕ್ಕೇ ಆ ಭಾಗಕ್ಕೆ ಟ್ರಿಪಲ್ಸ್ ಆ್ಯಲಿ ಎಂದು ಹೆಸರು ಬಿತ್ತು. 2012ರ ಜೂನ್ 13ರಂದು ಜೈಂಟ್ಸ್ ಪಿಚರ್ ಮ್ಯಾಟ್ ಕೇನ್ ಒಬ್ಬ ಬ್ಯಾಟರನ್ನೂ ಬೇಸ್ ಮುಟ್ಟಲು ಬಿಡದೆ ಪರ್ಫೆಕ್ಟ್ ಗೇಮ್ ಮುಗಿಸಿದ್ದರಲ್ಲಿ, ಏಳನೇ ಇನಿಂಗ್ಸ್‌ನಲ್ಲಿ ಗ್ರೆಗರ್ ಬ್ಲಾಂಕೊ ಇದೇ ಮೂಲೆಗೆ ಓಡಿ ಹಾರಿ ಹಿಡಿದ ಕ್ಯಾಚ್‌ಗೂ ಪಾಲಿದೆ.

ಇಟ್ಟಿಗೆ ಗೋಡೆಗೆ ಬಡಿದ ಚೆಂಡು ಯಾವ ಕಡೆ ಪುಟಿಯುತ್ತದೆ ಎಂದು ಹೇಳಲಾಗುವುದಿಲ್ಲ. 2007ರ ಆಲ್‌ಸ್ಟಾರ್ ಪಂದ್ಯದಲ್ಲಿ ಇಚಿರೊ ಹೊಡೆದ ಚೆಂಡು ಗೋಡೆಗೆ ತಗುಲಿ ವಿಚಿತ್ರವಾಗಿ ತಿರುಗಿತು. ಕೆನ್ ಗ್ರಿಫಿ ಜೂನಿಯರ್ ಅದರ ಹಿಂದೆ ಓಡುವಷ್ಟರಲ್ಲಿ ಇಚಿರೊ ನಾಲ್ಕೂ ಬೇಸ್ ಮುಗಿಸಿದ್ದ. ಚೆಂಡು ಗೋಡೆ ದಾಟದೆ ಹೋಮ್ ರನ್ ಆದದ್ದು ಆಲ್‌ಸ್ಟಾರ್ ಇತಿಹಾಸದಲ್ಲಿ ಅದೇ ಮೊದಲು.

ಗೋಡೆಯ ಆಚೆ ನೀರು. ಅದಕ್ಕೆ ಮಕೋವಿ ಕೋವ್ ಎಂಬ ಹೆಸರು, ಎಡಗೈ ಹೊಡೆತಗಾರ ವಿಲ್ಲೀ ಮಕೋವಿ ನೆನಪಿಗೆ. ಜೈಂಟ್ಸ್ ಬ್ಯಾಟರ್ ಹೊಡೆದ ಚೆಂಡು ನೇರವಾಗಿ ಈ ನೀರಿಗೆ ಬಿದ್ದರೆ ಅದು ‘ಸ್ಪ್ಲ್ಯಾಶ್ ಹಿಟ್’. ಗೋಡೆಯ ಮೇಲೆ ಅದರ ಎಣಿಕೆ ಹಾಕುತ್ತಾರೆ. ಎದುರಾಳಿ ಹೊಡೆದದ್ದು ಲೆಕ್ಕಕ್ಕಿಲ್ಲ, ಇದು ಮನೆಯವರ ಲೆಕ್ಕ. ಮೊದಲನೆಯದು 2000ದ ಮೇ 1ರಂದು, ಬಾಂಡ್ಸ್‌ನಿಂದ. ಅವನೊಬ್ಬನೇ 35 ಸಲ ಹೊಡೆದ. ಬಲಗೈ ಬ್ಯಾಟರ್‌ಗೆ ಆ ದಿಕ್ಕಿಗೆ ಅಷ್ಟು ದೂರ ಹೊಡೆಯುವುದು ಎಷ್ಟು ಕಷ್ಟ ಅಂದರೆ, ಮೊದಲ ಬಲಗೈ ಸ್ಪ್ಲ್ಯಾಶ್ ಹಿಟ್ ಬಂದದ್ದು 2024ರ ಸೆಪ್ಟೆಂಬರ್‌ನಲ್ಲಿ, ಹೀಲಿಯೊ ರಾಮೋಸ್ ಬ್ಯಾಟಿನಿಂದ. ಚೆಂಡಿಗಾಗಿ ಕಯಾಕ್ ದೋಣಿಗಳಲ್ಲಿ ಜನ ಕಾಯುತ್ತಾರೆ. ಮೊದಲ ವರ್ಷಗಳಲ್ಲಿ ನೀರಿಗೆ ಹಾರಿ ಚೆಂಡು ತರಲು ಪೋರ್ಚುಗೀಸ್ ತಳಿಯ ನಾಯಿಗಳ ಒಂದು ತಂಡವೇ ಇತ್ತು!

ಇನ್ನು ಗಾಳಿ. ಕ್ಯಾಂಡಲ್‌ಸ್ಟಿಕ್‌ನ ತಪ್ಪು ಮತ್ತೆ ಆಗಬಾರದೆಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನಲ್ಲಿ ಮಾದರಿ ಇಟ್ಟು ಗಾಳಿ ಬಿಟ್ಟು ಪರೀಕ್ಷಿಸಿದರು. ಅದರಂತೆ ಮೈದಾನದ ದಿಕ್ಕನ್ನು ತಿರುಗಿಸಿ, ಪಶ್ಚಿಮದ ಗಾಳಿಗೆ ಎತ್ತರದ ಗ್ಯಾಲರಿಯೇ ಅಡ್ಡ ನಿಲ್ಲುವಂತೆ ಮಾಡಿದರು. ಚಳಿ ಪೂರ್ತಿ ಹೋಗಲಿಲ್ಲ. ಬೇಸಿಗೆ ರಾತ್ರಿಗೂ ಜಾಕೆಟ್ ಬೇಕು. ಆದರೆ ಪಿಚರ್‌ಗಳು ಓಲಾಡುವುದಿಲ್ಲ.

ನನಗೆ ಇಲ್ಲಿ ಎಲ್ಲಕ್ಕಿಂತ ಹಿಡಿಸುವುದು ಬಲಗಡೆ ಗೋಡೆಯಲ್ಲಿರುವ ಕಮಾನುಗಳು. ಇದು ಬಂದರಿನ ಜಾಗ, ದಡ ಜನರದ್ದು. ಹಾಗಾಗಿ ಗೋಡೆ ಮತ್ತು ನೀರಿನ ನಡುವೆ ಎಲ್ಲರೂ ಓಡಾಡುವ ದಾರಿ ಉಳಿಸಿದರು. ಆ ದಾರಿಯಲ್ಲಿ ನಿಂತು, ಕಮಾನಿನ ಜಾಲರಿ ಮೂಲಕ, ಟಿಕೆಟ್ ಇಲ್ಲದೆ ಪಂದ್ಯ ನೋಡಬಹುದು. ಜನ ಜಾಸ್ತಿ ಇದ್ದರೆ ಮೂರು ಇನಿಂಗ್ಸ್ ನೋಡಿ ಬೇರೆಯವರಿಗೆ ಜಾಗ ಬಿಡಬೇಕು. ಸೀಟಿನ ಹಕ್ಕನ್ನೇ ಮಾರಿ ಕಟ್ಟಿದ ಮೈದಾನದಲ್ಲಿ ಪುಕ್ಕಟೆ ನೋಡುವ ಜಾಗ! 80 ಅಡಿಯ ಬಾಟಲಿ, ದೈತ್ಯ ಗಾತ್ರದ ಹಳೇ ಕೈಗವಸು, 2019ರಲ್ಲಿ ಬಂದ ಭಾರಿ ಪರದೆ ಇವೆಲ್ಲ ಫೋಟೋಗೆ ಚೆನ್ನ. ಬೇರೆ ಊರಿನವರೂ ಕೊಂಡು ನಿಲ್ಲಿಸಬಹುದು. ಕಮಾನು ಹಾಗಲ್ಲ.

ಹೆಸರಿನ ಕಥೆಯನ್ನು ಬೇಗ ಮುಗಿಸೋಣ. ಪೆಸಿಫಿಕ್ ಬೆಲ್ ಪಾರ್ಕ್, 2004ರಿಂದ ಎಸ್‌ಬಿಸಿ ಪಾರ್ಕ್, 2006ರಿಂದ ಎಟಿ ಅಂಡ್ ಟಿ ಪಾರ್ಕ್, 2019ರಿಂದ ಒರಾಕಲ್ ಪಾರ್ಕ್. ಫೋನ್ ಕಂಪನಿಗಳು ಒಂದನ್ನೊಂದು ನುಂಗಿದಂತೆ ಬೋರ್ಡ್ ಬದಲಾಯಿತು, ಕೊನೆಗೆ ಒಂದು ಸಾಫ್ಟ್‌ವೇರ್ ಕಂಪನಿಯದ್ದಾಯಿತು.

ಖಾಸಗಿ ಅಂದರೆ ಎಷ್ಟು ಖಾಸಗಿ?

ನಗರ ಒಂದು ಪೈಸೆಯನ್ನೂ ಕೊಡಲಿಲ್ಲ ಎಂಬ ಮಾತು ತಪ್ಪು. ಮರುಅಭಿವೃದ್ಧಿ ಸಂಸ್ಥೆಯಿಂದ ಸುಮಾರು 1.5 ಕೋಟಿ ಡಾಲರ್ ಬಂತು. ಮುಂದೆ ಆ ಜಾಗದಿಂದ ಹೆಚ್ಚಾಗಿ ಬರಲಿರುವ ತೆರಿಗೆಯನ್ನು ಲೆಕ್ಕ ಹಿಡಿದು ಈಗಲೇ ಕೊಡುವ ವ್ಯವಸ್ಥೆ ಅದು. ನೆಲ ಬಂದರು ಇಲಾಖೆಯದ್ದು, ತಂಡ ಬಾಡಿಗೆ ಕೊಡುತ್ತದೆ. ಬಾಗಿಲವರೆಗೆ ಬರುವ ‘ಮುನಿ’ ಎಂಬ ನಗರ ರೈಲು ಸಾರ್ವಜನಿಕ ದುಡ್ಡಿನದ್ದು. ಆದರೂ ಇವನ್ನೆಲ್ಲ ಕೂಡಿಸಿದರೂ ಬೇರೆ ಊರುಗಳ ಮುಂದೆ ಇದು ಚಿಲ್ಲರೆ. ಅಟ್ಲಾಂಟಾ ಪಕ್ಕದ ಕಾಬ್ ಕೌಂಟಿ 2017ರಲ್ಲಿ ತೆರೆದ ಸ್ಟೇಡಿಯಂಗೆ ಸುಮಾರು 30 ಕೋಟಿ ಡಾಲರ್ ಹೊರೆ ಹೊತ್ತಿತು.

ಹಾಗೆ ಹಾಕಿದ ದುಡ್ಡು ಊರಿಗೆ ವಾಪಸ್ ಬರುತ್ತದೆಯೇ? ಅರ್ಥಶಾಸ್ತ್ರಜ್ಞರು ಒಮ್ಮತಕ್ಕೆ ಬರುವ ವಿಷಯಗಳು ಕಡಿಮೆ. ಇದು ಅಂಥದ್ದರಲ್ಲಿ ಒಂದು. ಸ್ಟ್ಯಾನ್‌ಫರ್ಡ್‌ನ ರಾಜರ್ ನೋಲ್, ಸ್ಮಿತ್ ಕಾಲೇಜಿನ ಆ್ಯಂಡ್ರೂ ಝಿಂಬಲಿಸ್ಟ್ 90ರ ದಶಕದಿಂದಲೇ ಹೇಳುತ್ತ ಬಂದಿದ್ದಾರೆ, ಬರುವುದಿಲ್ಲ ಎಂದು. ಕಾರಣ ಸರಳ. ಸ್ಟೇಡಿಯಂನಲ್ಲಿ ಖರ್ಚಾಗುವ ದುಡ್ಡು ಬಹುಪಾಲು ಅದೇ ಊರಿನವರದ್ದು. ಅಲ್ಲಿ ಖರ್ಚು ಮಾಡದಿದ್ದರೆ ಇನ್ನೊಂದು ಹೋಟೆಲಿನಲ್ಲೋ ಸಿನಿಮಾದಲ್ಲೋ ಮಾಡುತ್ತಿದ್ದರು. ಉದ್ಯೋಗಗಳೂ ಹೆಚ್ಚಿನವು ಪಂದ್ಯದ ದಿನದ ಕೂಲಿ. ಒರಾಕಲ್ ಪಾರ್ಕ್ ಸುತ್ತ ಮಿಷನ್ ಬೇ ಬೆಳೆದಿದೆ, ನಿಜ. ಆದರೆ ಅಲ್ಲಿಗೆ ವೈದ್ಯಕೀಯ ವಿಶ್ವವಿದ್ಯಾಲಯದ ಹೊಸ ಕ್ಯಾಂಪಸ್ ಬಂತು, ಟೆಕ್ ಕಂಪನಿಗಳು ಬಂದವು. ಬೆಳವಣಿಗೆಯ ಶ್ರೇಯವನ್ನೆಲ್ಲ ಬೇಸ್‌ಬಾಲ್‌ಗೆ ಕಟ್ಟುವುದು ಕಷ್ಟ.

ಕೊಲ್ಲಿಯ ಆಚೆ ದಡ

ಜೈಂಟ್ಸ್‌ಗೆ ಇನ್ನೊಂದು ಆಸ್ತಿ ಇತ್ತು. ಅದರ ಬಗ್ಗೆ ಮಾತು ಕಡಿಮೆ. ಸ್ಯಾನ್ ಹೋಸೆ ಇರುವ ಸಾಂಟಾ ಕ್ಲಾರಾ ಕೌಂಟಿ, ಅಂದರೆ ಸಿಲಿಕಾನ್ ವ್ಯಾಲಿಯ ಹೃದಯ, ಲೀಗಿನ ನಕ್ಷೆಯಲ್ಲಿ ಅವರ ಪ್ರದೇಶ. 90ರ ದಶಕದ ಆರಂಭದಲ್ಲಿ ಕೊಲ್ಲಿಯ ಆಚೆಗಿನ ಓಕ್ಲೆಂಡ್ ತಂಡದ ಮಾಲೀಕರೇ ಅದಕ್ಕೆ ಒಪ್ಪಿಗೆ ಕೊಟ್ಟಿದ್ದರು. ಮುಂದೆ ಓಕ್ಲೆಂಡ್ ತಂಡ, ಅಂದರೆ ಎ’ಸ್, ಸ್ಯಾನ್ ಹೋಸೆಗೆ ಹೋಗಲು ನೋಡಿದಾಗ ಜೈಂಟ್ಸ್ ಬಿಡಲಿಲ್ಲ. ಆ ಪ್ರದೇಶ ನಂಬಿಯೇ ಸಾಲ ಮಾಡಿ ಸ್ಟೇಡಿಯಂ ಕಟ್ಟಿದ್ದೇವೆ ಎಂಬುದು ಅವರ ವಾದ. ಸ್ಯಾನ್ ಹೋಸೆ ನಗರ 2013ರಲ್ಲಿ ಕೋರ್ಟಿಗೆ ಹೋಯಿತು. 1922ರ ಒಂದು ಸುಪ್ರೀಂ ಕೋರ್ಟ್ ತೀರ್ಪಿನಿಂದ ಬೇಸ್‌ಬಾಲ್‌ಗೆ ಏಕಸ್ವಾಮ್ಯ ವಿರೋಧಿ ಕಾಯ್ದೆಯಿಂದ ವಿನಾಯಿತಿ ಇದೆ. ಅದರ ಮುಂದೆ ಸ್ಯಾನ್ ಹೋಸೆ ವಾದ ನಿಲ್ಲಲಿಲ್ಲ. 2015ರಲ್ಲಿ ಸುಪ್ರೀಂ ಕೋರ್ಟ್ ಅರ್ಜಿ ಕೇಳಲೂ ಒಪ್ಪಲಿಲ್ಲ. ತೆರಿಗೆ ದುಡ್ಡಿಲ್ಲದೆ ಕಟ್ಟಿದ ಮೈದಾನಕ್ಕೆ ಸರ್ಕಾರದ ಕಾನೂನೇ ಬೇಲಿಯಾಯಿತು. ನನ್ನ ಲೆಕ್ಕದಲ್ಲಿ ಇದೂ ಒಂದು ಸಾರ್ವಜನಿಕ ನೆರವೇ.

ಓಕ್ಲೆಂಡ್ ಅಷ್ಟರಲ್ಲಿ ಒಮ್ಮೆ ಕೈಸುಟ್ಟುಕೊಂಡಿತ್ತು. 1995ರಲ್ಲಿ ಫುಟ್‌ಬಾಲ್ ತಂಡ ರೈಡರ್ಸ್ ವಾಪಸ್ ಬರಲೆಂದು ಊರಿನ ಸ್ಟೇಡಿಯಂ ಕೊಲಿಸಿಯಂಗೆ ಎತ್ತರದ ಹೊಸ ಗ್ಯಾಲರಿ ಕಟ್ಟಿಸಿತು. ಬೇಸ್‌ಬಾಲ್ ನೋಡುವವರಿಗೆ ಕಾಣುತ್ತಿದ್ದ ಬೆಟ್ಟಗಳು ಮರೆಯಾದವು. ರೈಡರ್ಸ್ 2020ರಲ್ಲಿ ಲಾಸ್ ವೇಗಸ್‌ಗೆ ಹೋಯಿತು, ಸಾಲದ ಕಂತು ಮಾತ್ರ ಊರಿನವರಿಗೇ ಉಳಿಯಿತು. ಬಾಸ್ಕೆಟ್‌ಬಾಲ್ ತಂಡ ವಾರಿಯರ್ಸ್ ಅದಕ್ಕೂ ಮೊದಲು ಒರಾಕಲ್ ಪಾರ್ಕ್ ಹತ್ತಿರವೇ ಸ್ವಂತ ಖರ್ಚಿನಲ್ಲಿ ಅಂಗಣ ಕಟ್ಟಿಕೊಂಡು ದಡ ದಾಟಿತ್ತು. ಎ’ಸ್ ಓಕ್ಲೆಂಡ್‌ನಲ್ಲಿ ಕೊನೆಯ ಪಂದ್ಯ ಆಡಿದ್ದು 2024ರ ಸೆಪ್ಟೆಂಬರ್ 26ರಂದು. ಈಗ ತಾತ್ಕಾಲಿಕವಾಗಿ ಸ್ಯಾಕ್ರಮೆಂಟೊದ ಸಣ್ಣ ಮೈದಾನದಲ್ಲಿದೆ. ಲಾಸ್ ವೇಗಸ್‌ನಲ್ಲಿ 2028ಕ್ಕೆ ಸ್ಟೇಡಿಯಂ ತೆರೆಯುವ ಯೋಜನೆ. ನೆವಾಡದ ಶಿಕ್ಷಕರ ಸಂಘದ ಬೆಂಬಲವಿದ್ದ ಗುಂಪು ಆ ದುಡ್ಡನ್ನು ಜನರ ಮತಕ್ಕೆ ಹಾಕಿಸಲು ನೋಡಿತು. ರಾಜ್ಯದ ಸುಪ್ರೀಂ ಕೋರ್ಟ್ 2024ರಲ್ಲಿ ಆ ಅರ್ಜಿಯನ್ನು ತಳ್ಳಿತು. ಸ್ಯಾನ್ ಫ್ರಾನ್ಸಿಸ್ಕೋ ಜನಕ್ಕೆ ಸಿಕ್ಕ ಅವಕಾಶ ಅಲ್ಲಿನವರಿಗೆ ಸಿಗಲಿಲ್ಲ.

ಖಾಲಿಯಾದ ಕೊಲಿಸಿಯಂನಲ್ಲಿ 2025ರ ಜೂನ್‌ನಲ್ಲಿ ನಡೆದದ್ದು ಕ್ರಿಕೆಟ್. ಮೇಜರ್ ಲೀಗ್ ಕ್ರಿಕೆಟ್‌ನ ಆ ಸೀಸನ್ನಿನ ಮೊದಲ ಪಂದ್ಯದಲ್ಲೇ ಫಿನ್ ಅಲೆನ್ 51 ಎಸೆತಕ್ಕೆ 151 ರನ್ ಹೊಡೆದ, 19 ಸಿಕ್ಸರ್.

ಜೈಂಟ್ಸ್ ಈಗ ನೋಡುತ್ತಿರುವುದು ಪಂದ್ಯ ಇಲ್ಲದ ದಿನಗಳ ದುಡ್ಡನ್ನು. ಕೋವ್‌ನ ಆಚೆ ಬದಿಯಲ್ಲಿ ಕಾರು ನಿಲ್ಲಿಸುವ ಜಾಗವಿತ್ತು. ಅದೂ ಬಂದರಿನದ್ದೇ. ಅಲ್ಲಿ ಟಿಶ್ಮನ್ ಸ್ಪೈಯರ್ ಕಂಪನಿ ಜೊತೆ ಸೇರಿ ಮಿಷನ್ ರಾಕ್ ಎಂಬ ಬಡಾವಣೆ ಎಬ್ಬಿಸುತ್ತಿದ್ದಾರೆ. ವೀಸಾ ಕಂಪನಿ ಮುಖ್ಯ ಕಚೇರಿ ತಂದಿದೆ. ದಡದ ಪಾರ್ಕ್ 2024ರಲ್ಲಿ ತೆರೆಯಿತು. ಅಟ್ಲಾಂಟಾ ತಂಡವೂ ಹೀಗೇ ಸ್ಟೇಡಿಯಂ ಸುತ್ತ ಅಂಗಡಿ, ಕಚೇರಿ, ಮನೆ ಕಟ್ಟಿದೆ. ಅಲ್ಲಿ ಕೌಂಟಿಯ ಮತದಾರರನ್ನು ಯಾರೂ ಕೇಳಲಿಲ್ಲ. ಇಲ್ಲಿ ಕೇಳಲೇಬೇಕಾಯಿತು. ದಡದಲ್ಲಿ ಎತ್ತರದ ಮಿತಿ ಮೀರಬೇಕಾದರೆ ಜನರ ಒಪ್ಪಿಗೆ ಕಡ್ಡಾಯ ಎಂದು 2014ರಲ್ಲಿ ಮತದಾರರೇ ನಿಯಮ ಮಾಡಿಕೊಂಡಿದ್ದರು. ಮತ ಗೆಲ್ಲಲು ಜೈಂಟ್ಸ್ 40 ಶೇಕಡ ಮನೆಗಳನ್ನು ಕಡಿಮೆ ಮತ್ತು ಮಧ್ಯಮ ಆದಾಯದವರಿಗೆ ಕೊಡುವುದಾಗಿ ಮಾತು ಕೊಟ್ಟಿತು. 2015ರ ನವೆಂಬರ್‌ನಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಜನ ಹೂಂ ಎಂದರು.